ಚೆಂಡೆಯ ಪಕ್ಕ ಕೂತು ಹಾಡುವವನಿಗೆ ತನ್ನ ದನಿ ಹೇಗೆ ಸಿಗುತ್ತದೆ?

ಹಿಮ್ಮೇಳದವ (ಪ್ರಶ್ನೆ)

ಕುಂದಾಪುರ ಕಡೆಯ ಯಕ್ಷಗಾನ ಬಯಲಾಟದ ಮೇಳವೊಂದರಲ್ಲಿ ನನ್ನದು ಭಾಗವತಿಕೆ, ಅಂದರೆ ಪದ್ಯ ಹಾಡುವ ಕೆಲಸ. ವಿಜ್ಞಾನ ಓದಿದವನಲ್ಲ. ಆದರೆ ಈ ಪ್ರಶ್ನೆ ಬಹಳ ಕಾಲದಿಂದ ತಲೆಯಲ್ಲಿದೆ, ಬಲ್ಲವರು ಯಾರಾದರೂ ಬಿಡಿಸಿ ಹೇಳಬೇಕು.

ಆಟ ನೋಡಿದವರಿಗೆ ಗೊತ್ತು, ಹಿಮ್ಮೇಳದ ಜಾಗ ಎಷ್ಟು ಇಕ್ಕಟ್ಟು ಅಂತ. ಒಂದು ಬದಿ ಮದ್ದಳೆ, ಇನ್ನೊಂದು ಬದಿ ಚೆಂಡೆ, ನನ್ನ ಕೈಯಲ್ಲಿ ತಾಳ, ಹಿಂದೆ ಶ್ರುತಿ. ನಡುರಾತ್ರಿ ದಾಟಿ ಯುದ್ಧದ ಪದ್ಯ ಬಂದಾಗ ಚೆಂಡೆಯ ಪೆಟ್ಟು ಎದೆಗೇ ಬಡಿಯುತ್ತದೆ. ಪಕ್ಕದವರು ಕಿರುಚಿ ಹೇಳಿದ ಮಾತೂ ನನಗೆ ಕೇಳುವುದಿಲ್ಲ. ಅಷ್ಟು ಸದ್ದಿನಲ್ಲೂ ನನ್ನ ದನಿ ಮಾತ್ರ ನನಗೆ ತಪ್ಪುವುದಿಲ್ಲ. ಶ್ರುತಿಗೆ ಕೂತಿದೆಯೋ, ಒಂದೆಳೆ ಇಳಿಯಿತೋ ಎಂದು ಗೊತ್ತಾಗುತ್ತಲೇ ಇರುತ್ತದೆ. ಕೇಳಿ ತಿಳಿಯುತ್ತೇನೋ, ಗಂಟಲಿನಿಂದ ತಿಳಿಯುತ್ತೇನೋ, ಹೇಳಲಾರೆ. ನಮ್ಮ ಗುರುಗಳು ಏರುಪದ್ಯಕ್ಕೆ ಬಂದಾಗ ಒಂದು ಕಿವಿಯನ್ನು ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ. ಏಕೆ ಎಂದು ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಇದಕ್ಕೆ ತೀರಾ ತದ್ವಿರುದ್ಧವಾದದ್ದೊಂದಿದೆ. ಈಗ ಯಾವ ಆಟವಾದರೂ ಬೆಳಗಾಗುವುದರೊಳಗೆ ಅದರ ತುಣುಕು ವಾಟ್ಸಾಪಿನಲ್ಲಿ ಓಡಾಡುತ್ತದೆ. ನಾನು ಹಾಡಿದ್ದನ್ನು ಹಾಕಿದರೆ ನಮ್ಮ ಮನೆಯವಳು ಮೊದಲ ಸೊಲ್ಲಿಗೇ 'ನಿಮ್ಮದೇ' ಅನ್ನುತ್ತಾಳೆ. ನನಗೋ ಅದು ಯಾರದೋ ದನಿ. ತೆಳು, ಸ್ವಲ್ಪ ಮೂಗಿನಲ್ಲಿ ಬಂದ ಹಾಗೆ. ಹಗಲಿರುಳು ನನ್ನೊಳಗೇ ಇರುವ ದನಿ ಊರಿಗೆಲ್ಲ ಪರಿಚಯ, ನನಗೊಬ್ಬನಿಗೆ ಅಪರಿಚಿತ ಅಂದರೆ ಏನು ಲೆಕ್ಕ?

ಇನ್ನೂ ಒಂದು. ಕೆಲವು ಊರಲ್ಲಿ ಗದ್ದೆ ದೊಡ್ಡದು. ಮೈಕ್‌ಸೆಟ್ಟಿನವರು ಗದ್ದೆಯ ಆಚೆ ತುದಿಯಲ್ಲಿ ಕಂಬಕ್ಕೆ ಹಾರ್ನ್ ಕಟ್ಟಿ, ಬಾಯಿ ರಂಗಸ್ಥಳದ ಕಡೆಗೇ ತಿರುಗಿಸಿರುತ್ತಾರೆ. ಅಂಥ ಕಡೆ ನನ್ನ ಪದ್ಯ ಸ್ವಲ್ಪ ತಡವಾಗಿ ನನ್ನ ಕಿವಿಗೇ ವಾಪಸು ಬರುತ್ತದೆ. ಆಗ ಆಗುವ ಪಾಡು ಬೇಡ. ನಾಲಿಗೆ ಎಳೆಯುತ್ತದೆ, ಅಕ್ಷರ ಎರಡೆರಡು ಸಲ ಬರುತ್ತದೆ, ತಾಳ ಕೈಯಿಂದ ಜಾರುವ ಹಾಗಾಗುತ್ತದೆ. ಚೆಂಡೆ ಅಷ್ಟು ಜೋರಾಗಿ ಹೊಡೆದರೂ ತಪ್ಪದ ತಾಳ, ನನ್ನದೇ ದನಿ ಮೆಲ್ಲಗೆ ಹಿಂದಿರುಗಿ ಬಂದರೆ ಏಕೆ ತಪ್ಪಬೇಕು?

ಇದು ನನ್ನ ಅನ್ನದ ಪ್ರಶ್ನೆಯೂ ಹೌದು. ತಿಳಿದವರು ಸುಲಭದ ಮಾತಿನಲ್ಲಿ ಬರೆಯಿರಿ, ಉದ್ದವಾದರೂ ಓದುತ್ತೇನೆ.

ಕಿವಿಯ ಡಾಕ್ಟರಲ್ಲ (ಉತ್ತರ)

ಭಾಗವತರೇ, ನಮಸ್ಕಾರ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಓದಿ, ಈಗ ಶ್ರವಣ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಕಿವಿಯ ಭಾಗ ನಾನು ಹೇಳುತ್ತೇನೆ, ಮಿದುಳಿನ ಭಾಗಕ್ಕೆ ಬೇರೆಯವರು ಬರಲಿ.

ನಿಮ್ಮ ದನಿ ನಿಮ್ಮ ಒಳಗಿವಿಗೆ ಎರಡು ದಾರಿಯಲ್ಲಿ ಮುಟ್ಟುತ್ತದೆ. ಬಾಯಿಂದ ಹೊರಟು ಗಾಳಿಯಲ್ಲಿ ಬಳಸಿ ಕಿವಿಗೆ ಬರುವುದು ಒಂದು. ಗಂಟಲ ನಡುಕವೇ ದವಡೆ, ತಲೆಬುರುಡೆಯ ಮೂಳೆಗಳ ಮೂಲಕ ನೇರ ಒಳಗಿವಿಗೆ ಹೋಗುವುದು ಇನ್ನೊಂದು. ಹಂಗೇರಿಯಲ್ಲಿ ಹುಟ್ಟಿದ ಗ್ಯೋರ್ಗ್ ಫಾನ್ ಬೆಕೆಶಿ 1949ರಲ್ಲಿ ಇದನ್ನು ಅಳೆದು, ತನ್ನ ದನಿಯ ಮಟ್ಟಿಗೆ ಎರಡೂ ದಾರಿಯ ಪಾಲು ಹೆಚ್ಚುಕಡಿಮೆ ಸಮ ಎಂದು ತೋರಿಸಿದರು. ಒಳಗಿವಿ ಕೆಲಸ ಮಾಡುವ ಬಗೆಯನ್ನು ಕಂಡುಹಿಡಿದದ್ದಕ್ಕೆ 1961ರಲ್ಲಿ ನೊಬೆಲ್ ಪಡೆದವರು ಇವರೇ. ಮೂಳೆಯ ದಾರಿ ದಪ್ಪ ಸ್ವರಗಳನ್ನು ಚೆನ್ನಾಗಿ ಒಯ್ಯುತ್ತದೆ. ಹಾಗಾಗಿ ನಿಮಗೆ ಕೇಳುವ ನಿಮ್ಮ ದನಿಗೆ ತುಂಬು ಜಾಸ್ತಿ. ಮೊಬೈಲ್ ಹಿಡಿಯುವುದು ಗಾಳಿಯ ಪಾಲನ್ನು ಮಾತ್ರ. ಅರ್ಧ ಪಾಲು ಕಳೆದದ್ದನ್ನು ಕೇಳಿದಾಗ ತೆಳುವಾಗಿ ಕೇಳದೆ ಇನ್ನೇನು? ಮನೆಯವರು ಯಾವತ್ತೂ ಕೇಳಿದ್ದು ಗಾಳಿಯ ದನಿಯನ್ನೇ, ಅದಕ್ಕೆ ಅವರಿಗೆ ಗುರುತು ಸಿಗುತ್ತದೆ.

ಸ್ವಿಟ್ಜರ್ಲೆಂಡಿನ ಸಂಶೋಧಕರು ಈಚೆಗೆ ಇದನ್ನೇ ತಿರುವಿ ನೋಡಿದ್ದಾರೆ. ಒಬ್ಬರ ದನಿಯನ್ನು ಇನ್ನೊಬ್ಬರ ದನಿಯೊಂದಿಗೆ ಕಂಪ್ಯೂಟರಿನಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ ಕೇಳಿಸಿ, ಹೆಚ್ಚು ಯಾರ ದನಿ ಎಂದು ಕೇಳಿದರು. ಸಾಮಾನ್ಯ ಸ್ಪೀಕರಿಗಿಂತ ಮೂಳೆಗೆ ತಾಗಿಸುವ ಹೆಡ್‌ಫೋನಿನಲ್ಲಿ ಕೇಳಿಸಿದಾಗ ಜನ ತಮ್ಮ ದನಿಯನ್ನು ಹೆಚ್ಚು ಸರಿಯಾಗಿ ಗುರುತಿಸಿದರು.

ಇನ್ನು ನಿಮ್ಮ ಗುರುಗಳ ಬೆರಳು. ಈಗಲೇ ಎರಡೂ ಕಿವಿ ಒತ್ತಿ ಮುಚ್ಚಿ 'ಮ್' ಎಂದು ಶ್ರುತಿ ಹಿಡಿಯಿರಿ. ದನಿ ಒಮ್ಮೆಲೇ ಗುಂಯ್ ಎಂದು ದೊಡ್ಡದಾಗುತ್ತದೆ. ಮೂಳೆಯ ನಡುಕದಿಂದ ಕಿವಿಯ ನಾಳದ ಗೋಡೆಯೂ ನಡುಗಿ ಅಲ್ಲೂ ಸದ್ದು ಹುಟ್ಟುತ್ತದೆ. ತೆರೆದ ಕಿವಿಯಲ್ಲಿ ಅದು ಆಚೆ ಸೋರಿಹೋಗುತ್ತದೆ, ಮುಚ್ಚಿದರೆ ಕಿವಿತಮಟೆಯ ಮೇಲೇ ಬೀಳುತ್ತದೆ. ಅದೇ ಬೆರಳು ಚೆಂಡೆಯ ಸದ್ದನ್ನು ಹೊರಗೆ ತಡೆಯುತ್ತದೆ. ನಿಮ್ಮ ದನಿ ಏರಿತು, ಹೊರಗಿನದು ಇಳಿಯಿತು. ಗುರುಗಳು ಅಳತೆಯ ಯಂತ್ರವಿಲ್ಲದೆ ಕಂಡುಕೊಂಡ ದಾರಿ ಪೂರ್ತಿ ಸರಿ. ನಾವು ಹೊಸದಾಗಿ ಶ್ರವಣ ಸಾಧನ ಹಾಕಿದಾಗ 'ನನ್ನ ಮಾತೇ ನನಗೆ ಗುಂಯ್‌ಗುಡುತ್ತದೆ' ಎಂದು ದೂರುವವರ ತೊಂದರೆಗೂ ಇದೇ ಕಾರಣ. ಕಿವಿಗೆ ಬಿರಡೆ ಬಿದ್ದಿರುತ್ತದೆ.

ಒಂದು ಕಳಕಳಿಯ ಮಾತು. ಇಡೀ ರಾತ್ರಿ ಚೆಂಡೆಯ ಪಕ್ಕ ಕೂರುವವರ ಕಿವಿ ವರ್ಷಗಳಲ್ಲಿ ಸವೆಯುತ್ತದೆ. ಆಟ ಮುಗಿದ ಮೇಲೆ ಕಿವಿಯಲ್ಲಿ ಸಿಳ್ಳೆಯಂಥ ಸದ್ದು ಉಳಿಯುತ್ತಿದ್ದರೆ ತಡ ಮಾಡದೆ ಪರೀಕ್ಷೆ ಮಾಡಿಸಿ. ಸದ್ದಿನಲ್ಲಿ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ. ಫ್ರಾನ್ಸಿನ ಕಿವಿ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ದಾಖಲಿಸಿದ ಸಂಗತಿ ಇದು. ತನ್ನ ದನಿ ತನಗೆ ಸಾಲದೆ ಹೋದಾಗ ಗಂಟಲು ಅದರ ಬೆಲೆ ತೆರುತ್ತದೆ.

ನರತಂತು (ಉತ್ತರ)

ನಾನು ನರವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವವಳು, ಊರು ಶಿರಸಿ ಕಡೆ. ಚಿಕ್ಕಂದಿನಲ್ಲಿ ಅಜ್ಜನ ತೊಡೆಯ ಮೇಲೆ ನಿದ್ದೆ ಮಾಡುತ್ತಾ ಆಟ 'ನೋಡಿದವಳು'. ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಮೂರು ಸಂಗತಿ ಹೇಳಿದ್ದೀರಿ, ನನ್ನ ಕಣ್ಣಿಗೆ ಅವು ಒಂದೇ ಸಂಗತಿ.

ನಾವು ಅಂದುಕೊಳ್ಳುವುದು, ಮಿದುಳು ಬಂದ ದನಿಯನ್ನು ಕೇಳಿ 'ಇದು ನನ್ನದು' ಎಂದು ಗುರುತು ಹಿಡಿಯುತ್ತದೆ ಅಂತ. ಹಾಡುವ ಹೊತ್ತಿನಲ್ಲಿ ನಡೆಯುವುದು ಅದಲ್ಲ. ದನಿ ಹುಟ್ಟುವ ಮೊದಲೇ ಅದು ನಿಮ್ಮದು ಎಂಬ ಸುದ್ದಿ ಕೇಳುವ ಭಾಗಕ್ಕೆ ಹೋಗಿರುತ್ತದೆ. ಕಚೇರಿಯಿಂದ ಆದೇಶ ಹೊರಡುವಾಗ ಅದರದೊಂದು ಪ್ರತಿ ಇನ್ನೊಂದು ಶಾಖೆಗೂ ಹೋಗುತ್ತದಲ್ಲ, ಹಾಗೆ ಗಂಟಲು, ನಾಲಿಗೆಗೆ ಆಜ್ಞೆ ಹೋಗುವಾಗ ಅದರ ಪ್ರತಿಯೊಂದು ಮಿದುಳಿನ ಶ್ರವಣ ಭಾಗಕ್ಕೆ ತಲುಪುತ್ತದೆ: 'ಇಂಥ ಸದ್ದು ಈಗ ಬರಲಿದೆ'. ಬಂದ ಸದ್ದು ಹೇಳಿದ ಹಾಗೇ ಇದ್ದರೆ ಶ್ರವಣ ಭಾಗ ಅದಕ್ಕೆ ಹೆಚ್ಚು ಎಚ್ಚರಗೊಳ್ಳುವುದಿಲ್ಲ. ಬೇರೆಯಾಗಿದ್ದರೆ ಚುರುಕಾಗುತ್ತದೆ. 1950ರಲ್ಲಿ ಜರ್ಮನಿಯ ಫಾನ್ ಹೋಲ್ಸ್ಟ್ ಮತ್ತು ಮಿಟ್ಟೆಲ್‌ಸ್ಟೆಡ್ಟ್, ಅದೇ ವರ್ಷ ಅಮೆರಿಕದ ರೋಜರ್ ಸ್ಪೆರಿ, ಪ್ರಾಣಿಗಳ ಕಣ್ಣು ಮತ್ತು ಚಲನೆಯನ್ನು ನೋಡುತ್ತಾ ಈ ವಿಚಾರಕ್ಕೆ ಬೇರೆಬೇರೆಯಾಗಿ ಬಂದರು. ದನಿಗೂ ಅದು ಹೊಂದುತ್ತದೆ ಎನ್ನುವುದಕ್ಕೆ ಪುರಾವೆ ಮುಂದೆ ಸಿಕ್ಕಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪುರಾವೆ ಒಂದು ಹುಳದ್ದು. ರಾತ್ರಿ ಹುಲ್ಲಿನಲ್ಲಿ ರೆಕ್ಕೆ ಉಜ್ಜಿ ಕಿರ್ ಕಿರ್ ಎನ್ನುವ ಚಿಮ್ಮಂಡೆ ಗೊತ್ತಲ್ಲ. ಅದರ ಕಿವಿ ಇರುವುದು ಮುಂಗಾಲಿನಲ್ಲಿ, ಕೂಗುವ ರೆಕ್ಕೆಗೆ ಬಹಳ ಹತ್ತಿರ. ತನ್ನ ಕೂಗು ತನಗೇ 100 ಡೆಸಿಬೆಲ್ ಮುಟ್ಟುವಷ್ಟು ಜೋರು. ಆದರೂ ಕೂಗಿನ ನಡುವಿನ ಬಿಡುವಿನಲ್ಲಿ ಅದು ಬೇರೆಯವರ ಸದ್ದನ್ನು ಕೇಳಬಲ್ಲದು. ಕೇಂಬ್ರಿಡ್ಜಿನ ಜೇಮ್ಸ್ ಪುಲೆಟ್ ಮತ್ತು ಬರ್ತೋಲ್ಡ್ ಹೆಡ್ವಿಗ್ ಇದರ ಹಿಂದೆ ಬಿದ್ದರು. ಒಂದು ರೆಕ್ಕೆ ಇಲ್ಲದ ಹುಳ ಉಳಿದ ರೆಕ್ಕೆಯನ್ನು ಆಡಿಸುತ್ತದೆ, ಸದ್ದು ಬರುವುದಿಲ್ಲ. ಆಗಲೂ ಪ್ರತಿ 'ಕಿರ್'ನ ಲಯಕ್ಕೆ ಸರಿಯಾಗಿ ಅದರ ಕೇಳುವ ನರಕೋಶದ ಚುರುಕು ತಗ್ಗುತ್ತಿತ್ತು. ಅಂದರೆ ತಗ್ಗಿಸುತ್ತಿದ್ದದ್ದು ಸದ್ದಲ್ಲ, ಆಜ್ಞೆಯ ಪ್ರತಿ. 2006ರಲ್ಲಿ ಆ ಪ್ರತಿಯನ್ನು ಒಯ್ಯುವ ನರಕೋಶವನ್ನೇ ಅವರು ಹುಡುಕಿ ತೋರಿಸಿದರು. ಒಂದೇ ಒಂದು ನರಕೋಶ! ಮೊದಲ ಸಲ ಓದಿದಾಗ ಆ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಮಾರ್ಮೊಸೆಟ್ ಎಂಬ ಪುಟ್ಟ ಮಂಗಗಳಲ್ಲಿ ಸ್ಟೀವನ್ ಎಲಿಯಾಡಿಸ್ ಮತ್ತು ಶಿಯಾವೊಚಿನ್ ವಾಂಗ್ 2003ರಲ್ಲಿ ಕಂಡದ್ದೂ ಇಂಥದೇ. ಮಂಗ ಕೂಗುವಾಗ ಶ್ರವಣ ಭಾಗದ ನರಕೋಶಗಳಲ್ಲಿ ಸುಮಾರು ಮುಕ್ಕಾಲು ಪಾಲು ತಗ್ಗುತ್ತವೆ, ಅದೂ ಕೂಗು ಹೊರಡುವ ಕೆಲವು ನೂರು ಮಿಲಿಸೆಕೆಂಡು ಮೊದಲೇ. ಆದರೆ ಅವು ಮಲಗಿರುವುದಿಲ್ಲ. ಮಂಗ ಕೂಗುತ್ತಿರುವಾಗಲೇ ಅದರ ದನಿಯ ಸ್ಥಾಯಿಯನ್ನು ಯಂತ್ರದಿಂದ ಬದಲಿಸಿ ಅದಕ್ಕೇ ಕೇಳಿಸಿದರೆ, ಹಾಗೆ ತಗ್ಗಿದ್ದ ನರಕೋಶಗಳೇ ಆ ವ್ಯತ್ಯಾಸಕ್ಕೆ ಚುರುಕಾಗಿ ಸ್ಪಂದಿಸುತ್ತವೆ. ಭಾಗವತರೇ, 'ಒಂದೆಳೆ ಇಳಿಯಿತೋ ಎಂದು ಗೊತ್ತಾಗುತ್ತಲೇ ಇರುತ್ತದೆ' ಅಂದಿರಲ್ಲ, ನನಗೆ ಇಲ್ಲಿ ಅದೇ ಕಾಣುತ್ತದೆ. ನಿಮ್ಮ ಮಿದುಳು ನಿಮ್ಮ ದನಿಯನ್ನು ಪೂರ್ತಿ ಕೇಳುತ್ತಾ ಕೂತಿಲ್ಲ, ತಪ್ಪನ್ನು ಕಾಯುತ್ತಾ ಕೂತಿದೆ.

ಮನುಷ್ಯರಲ್ಲಿ ಸಾಮಾನ್ಯವಾಗಿ ನರಕೋಶದೊಳಗೆ ಇಣುಕಲಾಗದು, ತಲೆಯ ಹೊರಗಿನಿಂದ ಅಳೆಯುತ್ತೇವೆ. ಸದ್ದು ಬಿದ್ದ ಸುಮಾರು 100 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. ಕ್ಯಾಲಿಫೋರ್ನಿಯಾದ ಜಾನ್ ಹೌಡ್, ಶ್ರೀಕಾಂತನ್ ನಾಗರಾಜನ್ ಮತ್ತು ಜೊತೆಗಾರರು 2002ರಲ್ಲಿ ತೋರಿಸಿದ ಹಾಗೆ, ನೀವೇ ಮಾತಾಡಿದಾಗ ಆ ಅಲೆ ಚಿಕ್ಕದು, ಅದೇ ಮಾತನ್ನು ಧ್ವನಿಮುದ್ರಿಸಿ ಕೇಳಿಸಿದಾಗ ದೊಡ್ಡದು. ಮಾತಾಡುತ್ತಿರುವಾಗ ಸ್ವಂತ ದನಿಯ ಬದಲು ಬರಿಯ ಗೊರ ಸದ್ದು ಕೇಳಿಸಿದರೆ ಅಲೆ ತಗ್ಗುವುದಿಲ್ಲ. ವಾಟ್ಸಾಪ್ ತುಣುಕಿಗೆ ಯಾವ ಆಜ್ಞೆಯೂ ಹೊರಟಿಲ್ಲ, ಪ್ರತಿಯೂ ಬಂದಿಲ್ಲ. ಅದರ ಮೇಲೆ ಮೂಳೆಯ ಪಾಲೂ ಇಲ್ಲ. ಹಾಗಾಗಿ ಅದನ್ನು ನೀವು ಬೇರೆಯವರ ದನಿಯ ಹಾಗೆಯೇ ಕಿವಿಯಿಂದ ಮಾತ್ರ ಗುರುತಿಸಬೇಕು, ಅದರಲ್ಲಿ ಮನೆಯವರಿಗೆ ನಿಮಗಿಂತ ಅಭ್ಯಾಸ ಹೆಚ್ಚು.

ಗದ್ದೆಯ ಹಾರ್ನಿಗೆ ಬರೋಣ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ತಂತಿಯಲ್ಲಿ ನಿಮ್ಮ ದನಿ ಹಾರ್ನಿಗೆ ಕ್ಷಣದಲ್ಲಿ ಮುಟ್ಟುತ್ತದೆ, ಅಲ್ಲಿಂದ ಗಾಳಿಯಲ್ಲಿ ವಾಪಸು ಬರಲು ಹೊತ್ತು ಬೇಕು. ಹಾರ್ನ್ 60 ಮೀಟರ್ ದೂರವಿದ್ದರೆ ಸುಮಾರು 175 ಮಿಲಿಸೆಕೆಂಡ್. 1950ರಲ್ಲಿ ಅಮೆರಿಕದ ಬರ್ನಾರ್ಡ್ ಲೀ ಟೇಪ್ ಯಂತ್ರದಿಂದ ಜನರ ಮಾತನ್ನು ತಡಮಾಡಿ ಅವರಿಗೇ ಕೇಳಿಸಿದಾಗ, ಚೆನ್ನಾಗಿ ಮಾತಾಡುವವರೂ ತೊದಲಿದರು, ಅಕ್ಷರ ಎಳೆದರು. ದೊಡ್ಡವರಲ್ಲಿ ಕಾಟ ಅತಿ ಹೆಚ್ಚಾಗುವುದು ಸುಮಾರು 200 ಮಿಲಿಸೆಕೆಂಡಿನ ತಡಕ್ಕೆ, ಹೆಚ್ಚುಕಡಿಮೆ ಒಂದು ಅಕ್ಷರ ನುಡಿಯುವ ಹೊತ್ತು. ದೊಡ್ಡ ಗದ್ದೆಯ ಆಚೆ ತುದಿ ನಿಮ್ಮನ್ನು ಸರಿಯಾಗಿ ಆ ಅಳತೆಯಲ್ಲೇ ಹಿಡಿಯುತ್ತಿದೆ. ಚೆಂಡೆ ಎಷ್ಟು ಜೋರಿದ್ದರೂ ನಿಮ್ಮ ದನಿ ಎಂದು ಮಿದುಳು ಅದನ್ನು ಎಣಿಸುವುದಿಲ್ಲ, ಅದನ್ನು ನೋಡಿ ಗಂಟಲನ್ನು ತಿದ್ದಲು ಹೊರಡುವುದಿಲ್ಲ. ತಡವಾಗಿ ಬಂದ ನಿಮ್ಮ ದನಿ ನಿಮ್ಮದೇ ಎನ್ನುವಷ್ಟು ಹತ್ತಿರ, ಹೇಳಿದ ಹೊತ್ತಿಗೆ ಬಾರದಷ್ಟು ದೂರ. ತಿದ್ದಬೇಕಾದದ್ದು ಏನೂ ಇಲ್ಲದ ಕಡೆ ಮಿದುಳು ತಿದ್ದಲು ಹೋಗುತ್ತದೆ.

ಗಾಯಕರಾದ ನಿಮಗೆ ಇನ್ನೊಂದು ಹೇಳಲೇಬೇಕು. ಮಾಂಟ್ರಿಯಲ್‌ನಲ್ಲಿ ನುರಿತ ಹಾಡುಗಾರರನ್ನು ಹಾಡಲು ಬಿಟ್ಟು, ಅವರ ದನಿಯ ಸ್ಥಾಯಿಯನ್ನು ಬದಲಿಸಿ ಅವರಿಗೇ ಕೇಳಿಸಿ, 'ಲಕ್ಷ್ಯ ಕೊಡಬೇಡಿ, ಹಿಡಿದ ಸ್ವರ ಬಿಡಬೇಡಿ' ಎಂದರು. ಇಡೀ ಒಂದು ಸ್ವರದಷ್ಟು ಸರಿಸಿದಾಗ ಅವರು ಅಲುಗದೆ ಹಾಡಿದರು. ಅದರ ಎಂಟನೇ ಒಂದರಷ್ಟು ಸಣ್ಣಗೆ ಸರಿಸಿದಾಗ ಮಾತ್ರ, ಬೇಡವೆಂದರೂ ಗಂಟಲು ತಾನೇ ತಿದ್ದಿಕೊಂಡಿತು. ದೊಡ್ಡ ತಪ್ಪನ್ನು ಸಾಧನೆ ತಡೆಯುತ್ತದೆ, ಸಣ್ಣದು ಸಾಧನೆಯ ಕೈಗೂ ಸಿಗುವುದಿಲ್ಲ. ಶ್ರುತಿ ಪೆಟ್ಟಿಗೆ ನಿಮ್ಮ ಕಿವಿಗೆ ಹತ್ತಿರ ಇರಲಿ ಎಂದು ನಾನು ಹೇಳುವುದು ಇದಕ್ಕೇ.

ತುಂಗೆಯ ದಡ

ಮೇಡಂ, ಸಂಬಂಧ ಇದೆಯೋ ಇಲ್ಲವೋ ತಿಳಿಯದು, ಆದರೂ ಕೇಳುತ್ತೇನೆ. ನನ್ನ ಅಣ್ಣನಿಗೆ ಸ್ಕಿಜೋಫ್ರೀನಿಯಾ. ಮಾತ್ರೆ ತಗೊಳ್ಳುತ್ತಾನೆ, ಮೊದಲಿಗಿಂತ ಎಷ್ಟೋ ವಾಸಿ. ಆದರೂ ಒಮ್ಮೊಮ್ಮೆ ಸಂಜೆ ಹೊತ್ತು ಯಾರೋ ಬೈಯುತ್ತಾರೆ ಅನ್ನುತ್ತಾನೆ. ನಮ್ಮ ಅಮ್ಮ 'ಯಾರೂ ಇಲ್ಲ ಮಗ, ಅದು ನಿನ್ನ ಮನಸ್ಸೇ' ಅಂದರೆ ಅವನಿಗೆ ಸಿಟ್ಟು ಬರುತ್ತದೆ. ನೀವು ಬರೆದ ಆ 'ಪ್ರತಿ' ಅವನಲ್ಲಿ ತಲುಪುತ್ತಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದೇ?

ನರತಂತು

ತಂಗೀ, ಸಂಬಂಧ ಇದೆ. ಜೂಡಿತ್ ಫೋರ್ಡ್ ಮತ್ತು ಡೇನಿಯಲ್ ಮ್ಯಾಥಲನ್ 2001ರ ಸುಮಾರಿನಿಂದ ಇದನ್ನೇ ಅಳೆದಿದ್ದಾರೆ. ಮಾತಾಡುವಾಗ ಆ 100 ಮಿಲಿಸೆಕೆಂಡಿನ ಅಲೆ ಬೇರೆಯವರಲ್ಲಿ ತಗ್ಗುವಷ್ಟು ಸ್ಕಿಜೋಫ್ರೀನಿಯಾ ಇರುವವರಲ್ಲಿ, ಗುಂಪಾಗಿ ನೋಡಿದರೆ, ತಗ್ಗುವುದಿಲ್ಲ. ಸಿಡ್ನಿಯ ತಂಡವೊಂದು 2017ರಲ್ಲಿ ಆರೋಗ್ಯವಂತರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತುಟಿ ಅಲುಗದೆ ಮನಸ್ಸಿನೊಳಗೆ ಒಂದು ಅಕ್ಷರ ನುಡಿದಾಗಲೂ, ಅದೇ ಕ್ಷಣಕ್ಕೆ ಅದೇ ಅಕ್ಷರ ಕಿವಿಗೆ ಬಿದ್ದರೆ ಅಲೆ ತಗ್ಗುತ್ತದೆ, ಬೇರೆ ಅಕ್ಷರವಾದರೆ ತಗ್ಗುವುದಿಲ್ಲ ಎಂದು ತೋರಿಸಿತು. ಒಳಮಾತಿಗೂ ಪ್ರತಿ ಹೋಗುತ್ತದೆ ಎಂದಾಯಿತು. ಆ ಪ್ರತಿ ತಪ್ಪಿದರೆ ತನ್ನ ಒಳಮಾತೇ ಪರರ ಮಾತಾಗಿ ಕೇಳಬಹುದು ಎನ್ನುವುದು ಬಲವಾದ ವಾದ. ಆದರೆ ಅದಿನ್ನೂ ವಾದವೇ. ಬೈಯುವ ದನಿಯೇ ಏಕೆ, ಸಂಜೆಯೇ ಏಕೆ ಎನ್ನುವುದನ್ನು ಅದು ಹೇಳುವುದಿಲ್ಲ.

ಅಣ್ಣನಿಗೆ ಅದು ನಿಜವಾಗಿ ಹೊರಗಿನಿಂದ ಬಂದಂತೆಯೇ ಕೇಳುತ್ತದೆ. ಅವನು ಹಟ ಮಾಡುತ್ತಿಲ್ಲ. ಹಾಗಾಗಿ ಅಮ್ಮ 'ನಿನ್ನ ಮನಸ್ಸೇ' ಅಂದಾಗ ಅವನ ಕಿವಿಯನ್ನೇ ಸುಳ್ಳು ಮಾಡಿದಂತಾಗುತ್ತದೆ. 'ನನಗೆ ಕೇಳುತ್ತಿಲ್ಲ, ಆದರೆ ನಿನಗೆ ಕೇಳಿದಾಗ ಹೆದರಿಕೆ ಆಗುತ್ತದೆ ಅಂತ ಗೊತ್ತು, ನಾನು ಇಲ್ಲೇ ಇದ್ದೇನೆ' ಅನ್ನಲಿ. ಸಂಜೆ ಹೊತ್ತು ಜೊತೆಗಿದ್ದು ಮಾತಾಡಿಸುವುದು, ಹಾಡು ಕೇಳಿಸುವುದು ಕೆಲವರಿಗೆ ಸಮಾಧಾನ ಕೊಡುತ್ತದೆ. ದನಿ ಉಳಿದಿದೆ ಎಂದು ನೋಡುತ್ತಿರುವ ಡಾಕ್ಟರಿಗೆ ಬಿಡದೆ ಹೇಳಿ. ಮಾತ್ರೆಗೆ ಬಗ್ಗದ ದನಿಗಳಿಗೆ ನೆತ್ತಿಯ ಮೇಲಿಂದ ತೀರಾ ಕಡಿಮೆ ವಿದ್ಯುತ್ ಹಾಯಿಸುವ ಚಿಕಿತ್ಸೆಯನ್ನು ಬೆಂಗಳೂರಿನ ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದ್ದಾರೆ, ಅದರ ಬಗ್ಗೆಯೂ ವಿಚಾರಿಸಬಹುದು. ದನಿಗಳು ತನಗೆ ತಾನೇ ಏನಾದರೂ ಮಾಡಿಕೋ ಎಂದು ಹೇಳತೊಡಗಿದರೆ ಮಾತ್ರ ಒಂದು ದಿನವೂ ಕಾಯಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹಿಮ್ಮೇಳದವ

ಎಲ್ಲರಿಗೂ ಕೈಮುಗಿದೆ. ತಂಗಿ, ನಿಮ್ಮ ಅಣ್ಣ ಗುಣವಾಗಲಿ. ನರತಂತು ಅಮ್ಮಾ, ನಮ್ಮ ಮೇಳದ ಸಂಗೀತಗಾರ ಹುಡುಗ (ಭಾಗವತಿಕೆ ಕಲಿಯುತ್ತಿರುವವನು) ಹಾಡುವಾಗ ನಾನು ಬಾಯಿ ಮುಚ್ಚಿ ಒಳಗೊಳಗೇ ಅದೇ ಪದ್ಯ ಹಿಡಿದಿರುತ್ತೇನೆ. ಅವನು ಎತ್ತಿದ್ದು ನಾನು ಅಂದುಕೊಂಡಂತೆಯೇ ಬಂದರೆ ಕೇಳಿದ್ದೇ ಗೊತ್ತಾಗುವುದಿಲ್ಲ, ಬೇರೆ ದಾರಿ ಹಿಡಿದರೆ ಥಟ್ಟನೆ ತಲೆ ಎತ್ತುತ್ತೇನೆ. ಸಿಡ್ನಿಯ ವಿಷಯ ಓದಿದಾಗ ಇದಕ್ಕೊಂದು ಅರ್ಥ ಸಿಕ್ಕಿತು. ಈಗ ಮೈಕ್‌ಸೆಟ್ಟಿನವರಿಗೆ ಏನೆಂದು ಹೇಳಲಿ? ಹಾರ್ನೇ ಬೇಡ ಎಂದರೆ ಹಿಂದೆ ಕೂತ ಜನ ಬಿಡುವುದಿಲ್ಲ.

ಮೈಕ್‌ಸೆಟ್ ಕೆಲಸದವ

ಭಾಗವತರೇ, ನಾನು ಅದೇ ಕಸುಬಿನವ, ಹೇಳುತ್ತೇನೆ ಕೇಳಿ. ಹಾರ್ನನ್ನು ಆಚೆ ತುದಿಯಿಂದ ರಂಗಸ್ಥಳಕ್ಕೆ ಮುಖ ಮಾಡಿ ಕಟ್ಟಲೇಬಾರದು. ರಂಗಸ್ಥಳದ ಎರಡು ಬದಿಯಿಂದ ಜನರ ಕಡೆಗೆ, ಇಲ್ಲವೇ ಗದ್ದೆಯ ನಡುವಿನಿಂದ ಹಿಂದಕ್ಕೆ ಮುಖ ಮಾಡಿ ಕಟ್ಟಲು ಹೇಳಿ. ನಿಮ್ಮ ಬೆನ್ನ ಹಿಂದೆ ಅಥವಾ ಕಾಲ ಬಳಿ ಒಂದು ಸಣ್ಣ ಮಾನಿಟರ್ ಬಾಕ್ಸ್ ಇರಲಿ. ಅದರಲ್ಲಿ ನಿಮ್ಮ ದನಿ ಮತ್ತು ಶ್ರುತಿ ಮಾತ್ರ, ಚೆಂಡೆ ಬೇಡ. ಹತ್ತಿರದ ದನಿ ಮೊದಲು, ಜೋರಾಗಿ ಸಿಕ್ಕಿದರೆ ದೂರದ್ದು ಅಷ್ಟು ಕಾಡುವುದಿಲ್ಲ. ಈಗ ಕೆಲವರು ದೂರದ ಬಾಕ್ಸಿಗೆ ಡಿಲೇ ಹಾಕುತ್ತಾರೆ, ಅಂದರೆ ಅದರ ಸದ್ದನ್ನು ಬೇಕೆಂದೇ ತಡಮಾಡುತ್ತಾರೆ, ಹಿಂದೆ ಕೂತವರಿಗೆ ರಂಗದ ಸದ್ದೂ ಬಾಕ್ಸಿನ ಸದ್ದೂ ಒಟ್ಟಿಗೆ ಮುಟ್ಟಲಿ ಎಂದು. ಜನರಿಗೆ ಅದು ಒಳ್ಳೆಯದು, ಆದರೆ ಬಾಕ್ಸಿನ ಸದ್ದು ನಿಮಗೆ ವಾಪಸು ಬರುವಂತಿದ್ದರೆ ತಡ ಇಮ್ಮಡಿಯಾಗುತ್ತದೆ. 60 ಮೀಟರಿಗೆ ಹತ್ತಿರ ಹತ್ತಿರ 350 ಮಿಲಿಸೆಕೆಂಡ್. ಆಗ ನಾಲಿಗೆಗಿಂತ ತಾಳಕ್ಕೇ ಹೆಚ್ಚು ತೊಂದರೆ. ಡಿಲೇ ಹಾಕಿದ ಬಾಕ್ಸಿನ ಹಿಂಬದಿಗೂ ಸ್ವಲ್ಪ ಸದ್ದು ಬರುತ್ತದೆ, ಹಾಗಾಗಿ ವೇಷದವರು ಚೌಕಿಯಲ್ಲಿ ಬಣ್ಣ ಹಚ್ಚುತ್ತಿರುವಾಗಲೇ ಒಂದು ಪದ್ಯ ಎತ್ತಿ ನೋಡಿ. ಕಾಡುತ್ತದೆ ಅನ್ನಿಸಿದರೆ ಆಟ ಶುರುವಾಗುವ ಮೊದಲೇ ಹೇಳಿ, ನಮ್ಮವರು ತಿರುಗಿಸಿ ಕಟ್ಟುತ್ತಾರೆ.